ಜಿಪಿಎಸ್ ಅಳತೆಯ ಪಕ್ಕದಲ್ಲಿ ದೋಷದ ಅಂಕಿಯೂ ಇರಲಿ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಟ್ಟು 1,089 ಚದರ ಅಡಿ. ಮೀಟರಿನ ಲೆಕ್ಕದಲ್ಲಿ ಒಂದೊಂದು ಬದಿ ಹತ್ತು ಮೀಟರಿಗಿಂತ ಆರು ಸೆಂಟಿಮೀಟರ್ ಹೆಚ್ಚು. ಬಟಾಬಯಲಿನಲ್ಲಿ, ತಲೆಯ ಮೇಲೆ ಯಾವ ಅಡ್ಡಿಯೂ ಇಲ್ಲದ ಕಡೆ ಮೊಬೈಲ್ ಹಿಡಿದು ನಿಂತವರ ಸ್ಥಾನವನ್ನು ಆ ಮೊಬೈಲು ಸುಮಾರು ಐದು ಮೀಟರಿನ ಆಸುಪಾಸಿನಲ್ಲಿ ಹೇಳುತ್ತದೆ. ಜಿಪಿಎಸ್ ವ್ಯವಸ್ಥೆಯನ್ನು ನಡೆಸುವ ಅಮೆರಿಕ ಸರ್ಕಾರದ ಜಾಲತಾಣವೇ ಕೊಡುವ ಅಂಕಿ 4.9 ಮೀಟರ್. ಐದು ಮೀಟರ್ ತ್ರಿಜ್ಯದ ವೃತ್ತವೊಂದನ್ನು ನೆಲದ ಮೇಲೆ ಬರೆದರೆ ಅದು ಮುಕ್ಕಾಲು ಗುಂಟೆಗೂ ಹೆಚ್ಚು ಜಾಗವನ್ನು ನುಂಗುತ್ತದೆ.

ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುವ ಉಪಗ್ರಹಗಳ ಸಂಕೇತ ಕೇಳಿಸಿಕೊಂಡು ಐದು ಮೀಟರಿನೊಳಗೆ ಜಾಗ ಹೇಳುವುದು ಸಣ್ಣ ಸಾಧನೆಯಲ್ಲ. ದಾರಿ ಹುಡುಕಲು, ಊಟ ತರಿಸಲು, ಆಂಬುಲೆನ್ಸ್ ಕರೆಯಲು ಅಷ್ಟು ಸಾಕು. ಆದರೆ ಅದೇ ಮೊಬೈಲು ಈಗ ಸರ್ಕಾರಿ ಕಡತದಲ್ಲಿ ಸಾಕ್ಷಿಯೂ ಆಗಿದೆ. ಬೆಳೆ ಸಮೀಕ್ಷೆಗೆ ರೈತ ತನ್ನ ಸರ್ವೆ ನಂಬರಿನ ಗಡಿಯೊಳಗೆ ನಿಂತು ಫೋಟೊ ತೆಗೆಯಬೇಕು. ಉದ್ಯೋಗ ಖಾತರಿ ಕೂಲಿಕಾರರ ಹಾಜರಿಗೆ ದಿನಕ್ಕೆರಡು ಬಾರಿ ಜಾಗದ ಗುರುತಿರುವ ಫೋಟೊ ಹಾಕಬೇಕೆಂಬ ನಿಯಮ 2023ರ ಜನವರಿಯಿಂದ ಕಡ್ಡಾಯವಾಯಿತು. ನಿವೇಶನ ಕೊಳ್ಳುವವರು ದಿಶಾಂಕ್ ಆ್ಯಪ್ ತೆರೆದು, ಕಾಲಡಿಯ ನೆಲ ಯಾವ ಸರ್ವೆ ನಂಬರ್, ಅದು ಕೆರೆಯಂಗಳವೋ ಗೋಮಾಳವೋ ಎಂದು ನೋಡುತ್ತಾರೆ. ಉತ್ತರ ಕನ್ನಡದ ಅರಣ್ಯಹಕ್ಕು ಅರ್ಜಿದಾರರ ನಡುವೆ ‘ನಿಮ್ಮದು ಜಿಪಿಎಸ್ ಆಗಿದೆಯಾ?’ ಎಂಬುದು ಕುಶಲ ವಿಚಾರಿಸುವಷ್ಟೇ ಸಹಜವಾದ ಪ್ರಶ್ನೆ.

ಇಲ್ಲೆಲ್ಲ ಕಾಗದಕ್ಕಿಳಿಯುವುದು ಅಕ್ಷಾಂಶ, ರೇಖಾಂಶದ ಅಂಕಿಗಳು ಮಾತ್ರ. ಆ ಅಂಕಿ ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬ ಇನ್ನೊಂದು ಅಂಕಿ ಎಲ್ಲಿಯೂ ಕಾಣುವುದಿಲ್ಲ. ರಿಸೀವರ್‌ಗೆ ಅದು ಗೊತ್ತಿರುತ್ತದೆ. ಪ್ರತಿ ಸಲ ಸ್ಥಾನವನ್ನು ಲೆಕ್ಕ ಹಾಕಿದಾಗಲೂ ದೋಷದ ಅಂದಾಜನ್ನು ಅದು ಜೊತೆಯಲ್ಲೇ ಹಾಕುತ್ತದೆ. ಅದನ್ನು ಮುಚ್ಚಿಟ್ಟು ಸ್ಥಾನವನ್ನಷ್ಟೇ ಮುದ್ರಿಸುವುದು ಅರ್ಧ ಅಳತೆಯನ್ನು ಪೂರ್ತಿ ಅಳತೆಯೆಂದು ಕೊಟ್ಟಂತೆ. ಕೈಯಳತೆಯ ನೆಲಕ್ಕಾಗಿ ತಲೆಮಾರುಗಳ ಕಾಲ ಕೋರ್ಟು ಹತ್ತುವ ನಾಡಿನಲ್ಲಿ ಈ ಪದ್ಧತಿ ಮುಂದುವರಿಯಬಾರದು.

ದೋಷ ಹುಟ್ಟುವುದು ಎಲ್ಲಿಂದ? ರಿಸೀವರ್ ಮಾಡುವ ಕೆಲಸವನ್ನು ನೋಡಿದರೆ ಉತ್ತರ ಸಿಗುತ್ತದೆ. ಅದು ಅಳೆಯುವುದು ದೂರವನ್ನಲ್ಲ, ಕಾಲವನ್ನು. ಉಪಗ್ರಹದಿಂದ ಹೊರಟ ಸಂಕೇತ ನೆಲ ಮುಟ್ಟಲು ಸೆಕೆಂಡಿನ ಸುಮಾರು ಹದಿನೈದನೇ ಒಂದು ಪಾಲು ತೆಗೆದುಕೊಳ್ಳುತ್ತದೆ. ಹೊರಟ ಕ್ಷಣವನ್ನು ಸಂಕೇತವೇ ಹೇಳುತ್ತದೆ; ಬಂದ ಕ್ಷಣವನ್ನು ರಿಸೀವರ್ ಗುರುತು ಮಾಡಿಕೊಳ್ಳುತ್ತದೆ. ನಡುವಿನ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಬಂತು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ.

ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ. ಮೊಬೈಲಿನಲ್ಲಿರುವುದು ಅಗ್ಗದ ಸ್ಫಟಿಕದ ಗಡಿಯಾರ. ಹಾಗಾಗಿ ರಿಸೀವರ್ ತನ್ನ ಗಡಿಯಾರದ ತಪ್ಪನ್ನೂ ಒಂದು ಅಜ್ಞಾತವೆಂದು ಇಟ್ಟುಕೊಂಡು ಲೆಕ್ಕ ಬಿಡಿಸುತ್ತದೆ. ಉದ್ದ, ಅಗಲ, ಎತ್ತರ ಮೂರು ಅಜ್ಞಾತ, ಕಾಲ ನಾಲ್ಕನೆಯದು. ಅದಕ್ಕೇ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಉಪಗ್ರಹದ ಗಡಿಯಾರಕ್ಕೂ ಒಂದು ತಿದ್ದುಪಡಿ ಅಗತ್ಯ: ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಅದು ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ದೂರದ ಲೆಕ್ಕ ಹತ್ತು ಕಿಲೋಮೀಟರಿಗೂ ಹೆಚ್ಚು ದಾರಿ ತಪ್ಪುತ್ತಿತ್ತು.

ಇಷ್ಟು ಸೂಕ್ಷ್ಮವಾದ ಸಂಕೇತ ನೆಲ ಮುಟ್ಟುವಾಗ ಉಳಿದಿರುವ ಶಕ್ತಿ ಒಂದು ವಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದೆರಡು ಪಾಲು. ರಿಸೀವರಿನೊಳಗಿನ ವಿದ್ಯುತ್ ಗದ್ದಲಕ್ಕಿಂತಲೂ ಅದು ಕ್ಷೀಣ. ಪ್ರತಿ ಉಪಗ್ರಹಕ್ಕೂ ಬೇರೆ ಬೇರೆಯಾಗಿರುವ, 1,023 ತುಣುಕುಗಳ ಸಂಕೇತಮಾಲೆ ರಿಸೀವರಿನ ನೆನಪಿನಲ್ಲಿದೆ. ಅದನ್ನು ಗದ್ದಲದ ಮೇಲೆ ಸರಿಸುತ್ತಾ ಸರಿಸುತ್ತಾ ಹೊಂದಿಕೆಯಾಗುವ ಕ್ಷಣವನ್ನು ಹಿಡಿಯುತ್ತದೆ. ಬಹುದಿನ ಮುಚ್ಚಿಟ್ಟಿದ್ದ ಜಿಪಿಎಸ್ ಉಪಕರಣ ಆನ್ ಮಾಡಿದ ಕೂಡಲೇ ಉತ್ತರ ಕೊಡುವುದಿಲ್ಲ. ಯಾವ ಉಪಗ್ರಹ ಎಲ್ಲಿದೆ ಎಂಬ ಒರಟು ಪಟ್ಟಿ, ಅಂದರೆ ಆಲ್ಮನಾಕ್, ಪೂರ್ತಿ ಇಳಿಯಲು 12.5 ನಿಮಿಷ ಬೇಕು. ಒಂದು ಉಪಗ್ರಹದ ಸೂಕ್ಷ್ಮ ಕಕ್ಷೆಯ ವಿವರ, ಎಫೆಮೆರಿಸ್, ಅರ್ಧ ನಿಮಿಷಕ್ಕೊಮ್ಮೆ ಬರುತ್ತದೆ. ಮೊಬೈಲು ಇವನ್ನೆಲ್ಲ ಇಂಟರ್‌ನೆಟ್ಟಿನಿಂದ ಎಳೆದುಕೊಳ್ಳುವುದರಿಂದ ಬೇಗ ಸ್ಥಾನ ತೋರಿಸುತ್ತದೆ. ನೆಟ್‌ವರ್ಕ್ ಸಿಗದ ಘಟ್ಟದ ಕಣಿವೆಯಲ್ಲಿ ಅದೇ ಮೊಬೈಲು ತಡಬಡಾಯಿಸುವುದಕ್ಕೆ ಕಾರಣವೂ ಇದೇ.

ದಾರಿಯಲ್ಲಿ ಸಂಕೇತಕ್ಕೆ ಎದುರಾಗುವ ದೊಡ್ಡ ತೊಡಕು ಅಯಾನುಗೋಳ. ಸೂರ್ಯನ ಕಿರಣಗಳಿಂದ ವಿದ್ಯುದಾವಿಷ್ಟವಾದ ಈ ಪದರ ಸಂಕೇತವನ್ನು ತಡಮಾಡಿಸುತ್ತದೆ. ಕೆಲವು ಮೀಟರಿನಿಂದ ಹತ್ತಾರು ಮೀಟರಿನವರೆಗೂ ದೂರ ತಪ್ಪುತ್ತದೆ. ಇದು ದಕ್ಷಿಣ ಭಾರತದವರಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯ. ಭೂಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿಕೊಂಡದ್ದೇ ಅದಕ್ಕಾಗಿ. ಆ ರೇಖೆಯ ಸುತ್ತಮುತ್ತ ಅಯಾನುಗೋಳ ಯುರೋಪು, ಅಮೆರಿಕಗಳ ಆಕಾಶದಷ್ಟು ಶಾಂತವಲ್ಲ. ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿನಲ್ಲಿ, ಅದರೊಳಗೆ ಗುಳ್ಳೆಗಳೆದ್ದು ಸಂಕೇತ ಮಿನುಗತೊಡಗುತ್ತದೆ. ರಿಸೀವರ್ ಹಿಡಿದ ಉಪಗ್ರಹವನ್ನು ಕೈಬಿಡುವುದೂ ಉಂಟು.

ಸೌರ ಚಂಡಮಾರುತ ಎದ್ದಾಗ ಎಲ್ಲ ಕಡೆಯೂ ಇದೇ ಪಾಡು. 2024ರ ಮೇ 10, 11ರಂದು ಅಂಥದೊಂದು ಬಿರುಗಾಳಿ ಬೀಸಿದಾಗ, ಬಿತ್ತನೆಯ ಭರಾಟೆಯಲ್ಲಿದ್ದ ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳು ಸಾಲು ತಪ್ಪಿ ನಿಂತವು.

ಅಯಾನುಗೋಳ ತರುವ ಈ ತಪ್ಪನ್ನು ತಿದ್ದಲು ಭಾರತ ಕಟ್ಟಿಕೊಂಡ ವ್ಯವಸ್ಥೆ ಗಗನ್. ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಇಸ್ರೊ ಸೇರಿ ರೂಪಿಸಿದ ಇದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ದೇಶದ ಹದಿನೈದು ಕಡೆಗಳಲ್ಲಿ, ಸ್ಥಾನ ನಿಖರವಾಗಿ ಗೊತ್ತಿರುವ ನೆಲೆಗಳಲ್ಲಿ ಜಿಪಿಎಸ್ ಸಂಕೇತ ಎಷ್ಟು ತಪ್ಪುತ್ತಿದೆಯೆಂದು ನೋಡಿ, ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹದ ಮೂಲಕ ವಿಮಾನಗಳಿಗೆ ಕಳಿಸುತ್ತಾರೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್ ವಿಮಾನ ಗಗನ್ ನೆರವಿನಿಂದ ಇಳಿಯಿತು. ಗಗನ್‌ನಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಅದು ಪೈಲಟ್‌ಗೆ ತಿದ್ದುಪಡಿಯ ಜೊತೆಗೆ, ಉಳಿದಿರುವ ದೋಷ ಇಷ್ಟರೊಳಗಿದೆ ಎಂಬ ಖಾತ್ರಿಯನ್ನೂ ಕೊಡುತ್ತದೆ. ಆ ಖಾತ್ರಿ ಕೊಡಲಾಗದ ಕ್ಷಣದಲ್ಲಿ ‘ಇದನ್ನು ನಂಬಬೇಡ’ ಎಂದು ಸೆಕೆಂಡುಗಳಲ್ಲಿ ಎಚ್ಚರಿಸುತ್ತದೆ. ವಿಮಾನಕ್ಕೆ ಸಿಗುವ ಈ ಪ್ರಾಮಾಣಿಕತೆ ಹೊಲದ ಬದುವಿಗೂ ಸಿಗಬೇಕು.

ಇನ್ನೊಂದು ತೊಡಕು ಉಪಗ್ರಹಗಳು ಆಕಾಶದಲ್ಲಿ ಹರಡಿಕೊಂಡಿರುವ ಬಗೆಯಲ್ಲಿದೆ. ಚಪ್ಪರದ ಕಂಬವನ್ನು ನಾಲ್ಕೂ ದಿಕ್ಕಿನಿಂದ ಹಗ್ಗ ಬಿಗಿದು ನಿಲ್ಲಿಸಿದರೆ ಅಲುಗುವುದಿಲ್ಲ. ನಾಲ್ಕು ಹಗ್ಗವನ್ನೂ ಒಂದೇ ಮಗ್ಗುಲಿಗೆ ಕಟ್ಟಿದರೆ ವಾಲಾಡುತ್ತದೆ. ರಿಸೀವರ್ ತೋರಿಸುವ ಪಿಡಿಒಪಿ, ಎಚ್‌ಡಿಒಪಿ ಎಂಬ ಅಂಕಿಗಳು ಈ ವಾಲಾಟವನ್ನೇ ಹೇಳುತ್ತವೆ. ಒಂದು, ಎರಡು ಎಂದಿದ್ದರೆ ಒಳ್ಳೆಯದು; ಆರು, ಏಳು ದಾಟಿದರೆ ಅಳತೆಯನ್ನು ಮುಂದೂಡುವುದು ಲೇಸು. ಎತ್ತರದ ಕಟ್ಟಡಗಳ ನಡುವಿನ ಓಣಿಯಲ್ಲಿ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ, ಹಾಗಾಗಿ ಅಂಕಿ ಏರುತ್ತದೆ. ಅದೇ ಓಣಿಯಲ್ಲಿ ಸಂಕೇತ ಗಾಜಿನ ಗೋಡೆಗೆ ಬಡಿದು, ಸುತ್ತಿ ಬಳಸಿ ರಿಸೀವರ್ ಸೇರುತ್ತದೆ. ಬಳಸಿದ ದಾರಿ ಉದ್ದವಾದ್ದರಿಂದ ಲೆಕ್ಕವೂ ತಪ್ಪುತ್ತದೆ. ಟ್ಯಾಕ್ಸಿ ಚಾಲಕ ಪಕ್ಕದ ರಸ್ತೆಯಲ್ಲಿ ನಿಂತು ‘ಲೊಕೇಶನ್ ಇಲ್ಲೇ ತೋರಿಸ್ತಿದೆ ಸಾರ್’ ಎಂದಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ.

ಮೊಬೈಲಿನ ನಕ್ಷೆಯಲ್ಲಿ ನೀಲಿ ಚುಕ್ಕಿಯ ಸುತ್ತ ತಿಳಿನೀಲಿ ವೃತ್ತವೊಂದು ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಅದೇ ದೋಷದ ಅಂದಾಜು. ಆಂಡ್ರಾಯ್ಡ್ ವ್ಯವಸ್ಥೆ ಆಧರಿಸುವುದು ಶೇ 68ರ ಭರವಸೆಯನ್ನು. ಅಂದರೆ ನೂರು ಸಲ ನೋಡಿದರೆ 32 ಸಲ ನಿಜವಾದ ಸ್ಥಾನ ಆ ವೃತ್ತದ ಹೊರಗೇ ಇರಬಹುದು. ಸರಿಸುಮಾರು ಮೂರರಲ್ಲಿ ಒಂದು ಸಲ! ಕೆಲವು ಉಪಕರಣಗಳ ಮಾರಾಟಗಾರರು ಶೇ 50ರ ಭರವಸೆಯ ಅಂಕಿಯನ್ನೇ ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಹೀಗಾಗಿ ‘ಮೂರು ಮೀಟರ್ ನಿಖರತೆ’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ನೂರಕ್ಕೆ ಎಷ್ಟು ಸಲ?

ದಶಮಾಂಶದ ಸ್ಥಾನಗಳು ಕೊಡುವ ಭ್ರಮೆಯೂ ಕಡಿಮೆಯದಲ್ಲ. ಅಕ್ಷಾಂಶದ ಡಿಗ್ರಿಯಲ್ಲಿ ದಶಮಾಂಶದ ಐದನೇ ಅಂಕಿ ನೆಲದ ಮೇಲೆ ಸುಮಾರು ಒಂದು ಮೀಟರ್. ಎಂಟನೆಯದು ಒಂದು ಮಿಲಿಮೀಟರ್. ಐದು ಮೀಟರ್ ತಪ್ಪಬಲ್ಲ ಮೊಬೈಲು ಎಂಟು ದಶಮಾಂಶ ಬರೆದು ತೋರಿಸುತ್ತದೆ. ಆ ಉದ್ದನೆಯ ಅಂಕಿಯನ್ನು ಕಂಡ ಗುಮಾಸ್ತರಿಗೂ ವಕೀಲರಿಗೂ ಅದು ಅಲ್ಲಾಡದ ಸತ್ಯದಂತೆ ಕಾಣುವುದು ಸಹಜ.

ಸೆಂಟಿಮೀಟರಿನ ಮಾತಾಡುವ ಉಪಕರಣ ಬೇರೆಯೇ ಇದೆ. ಕರ್ನಾಟಕದ ಭೂಮಾಪಕರ ಕೈಗೆ ಈಗ ಬರುತ್ತಿರುವ ರೋವರ್ ಅದು. ಸರಪಳಿ ಎಳೆದು, ಕ್ರಾಸ್‌ಸ್ಟಾಫ್ ನೆಟ್ಟು ಅಳೆಯುತ್ತಿದ್ದ ಕಾಲ ಮುಗಿಯುತ್ತಿರುವುದು ನಿಜಕ್ಕೂ ಸಂತೋಷದ ವಿಷಯ. ಪೋಡಿಗಾಗಿ, ಹದ್ದುಬಸ್ತಿಗಾಗಿ ಸರ್ವೆಯರ್ ಬರುವುದನ್ನೇ ಕಾಯುತ್ತಾ ವರ್ಷ ಕಳೆದವರಿಗೆ ಇದರ ಬೆಲೆ ಗೊತ್ತು. ರೋವರಿನ ಗುಟ್ಟು ಹೀಗಿದೆ: ಅದು ಸಂಕೇತದ ತುಣುಕುಗಳನ್ನಷ್ಟೇ ನೋಡದೆ, ಅವನ್ನು ಹೊತ್ತು ತರುವ ಅಲೆಯನ್ನೇ ಅಳೆಯುತ್ತದೆ. ಅಲೆಯ ಉದ್ದ 19 ಸೆಂಟಿಮೀಟರ್; ಅದರ ನೂರನೇ ಒಂದು ಪಾಲನ್ನು ಗುರುತಿಸಿದರೂ ಎರಡು ಮಿಲಿಮೀಟರ್ ಸಿಕ್ಕಿತು. ಆದರೆ ಉಪಗ್ರಹದಿಂದ ಇಲ್ಲಿಯವರೆಗೆ ಪೂರ್ತಿ ಅಲೆಗಳು ಎಷ್ಟು ಎಂಬುದು ಗೊತ್ತಾಗಬೇಕಲ್ಲ. ಅದಕ್ಕೆ ಸಮೀಪದ ಸ್ಥಿರ ಕೇಂದ್ರವೊಂದರ ನೆರವು ಬೇಕು. ಸರ್ವೆ ಆಫ್ ಇಂಡಿಯಾ ದೇಶದುದ್ದಕ್ಕೂ ಕಟ್ಟಿರುವ ‘ಕಾರ್ಸ್’ ಕೇಂದ್ರಗಳ ಜಾಲದಲ್ಲಿ ಕರ್ನಾಟಕ ಮೊದಮೊದಲಿಗೇ ಸೇರಿದ ರಾಜ್ಯಗಳಲ್ಲೊಂದು. ಕೇಂದ್ರದ ತಿದ್ದುಪಡಿ ಮೊಬೈಲ್ ಡೇಟಾ ಮೂಲಕ ರೋವರಿಗೆ ಬರುತ್ತದೆ.

ಹೊಲದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಬಾಂದುಕಲ್ಲಿನ ನೆತ್ತಿಗೆ ಎರಡು ಮೀಟರಿನ ಕೋಲಿನ ಮೊನೆ ಊರುತ್ತಾರೆ. ಕೋಲಿಗೆ ಅಂಟಿಸಿದ ದುಂಡನೆಯ ಮಟ್ಟದ ಗುಳ್ಳೆ ನಡುವೆ ನಿಲ್ಲಬೇಕು. ಎರಡು ಡಿಗ್ರಿ ವಾಲಿದರೂ ಕೋಲಿನ ತಲೆ ಏಳು ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಕೈಯಲ್ಲಿನ ಪರದೆಯ ಮೇಲೆ ಮೊದಲು ‘ಸಿಂಗಲ್’ ಎಂದು ಬರುತ್ತದೆ, ಅಂದರೆ ಆಗ ರೋವರೂ ಮೊಬೈಲಿನ ಹಾಗೆಯೇ ಮೀಟರುಗಟ್ಟಲೆ ತಪ್ಪಬಲ್ಲುದು. ತಿದ್ದುಪಡಿ ಬರತೊಡಗಿದಾಗ ‘ಫ್ಲೋಟ್’: ಅಲೆಗಳ ಎಣಿಕೆ ಇನ್ನೂ ಖಚಿತವಾಗಿಲ್ಲ, ಹತ್ತಾರು ಸೆಂಟಿಮೀಟರ್ ಅನುಮಾನ ಉಳಿದಿದೆ. ಎಣಿಕೆ ಕುದುರಿದಾಗ ‘ಫಿಕ್ಸೆಡ್’. ಈಗ ಒಂದೆರಡು ಸೆಂಟಿಮೀಟರ್. ತಾಳ್ಮೆಯ ಭೂಮಾಪಕರು ಫಿಕ್ಸೆಡ್ ಬರುವ ತನಕ ಕಾಯುತ್ತಾರೆ, ಬಂದ ಮೇಲೂ ಉಪಕರಣವನ್ನು ಕಳಚಿ ಮತ್ತೆ ಹಿಡಿದು ಎರಡನೇ ಸಲ ಅಳೆಯುತ್ತಾರೆ. ಏಕೆಂದರೆ ಮರಗಿಡಗಳ ಪಕ್ಕದಲ್ಲಿ ಸುಳ್ಳು ಫಿಕ್ಸೆಡ್ ಕೂಡ ಬರುವುದುಂಟು. ಮಧ್ಯಾಹ್ನದ ಬಿಸಿಲು, ಸಾಲುಗಟ್ಟಿದ ಅರ್ಜಿಗಳು, ಎರಡೂ ಕಡೆಯವರ ಜಗಳದ ನಡುವೆ ಎಲ್ಲರಿಗೂ ಅಷ್ಟು ತಾಳ್ಮೆ ಇರಲಾರದು. ಆ ಹೊತ್ತಿನಲ್ಲಿ ಪರದೆ ಏನು ತೋರಿಸುತ್ತಿತ್ತು ಎಂಬುದು ಜಮೀನಿನವರ ಕೈಗೆ ಬರುವ ನಕ್ಷೆಯಲ್ಲೂ ದಾಖಲಾಗಬೇಕು.

ಬಯಲುಸೀಮೆಯ ಜೋಳದ ಹೊಲದಲ್ಲಿ ಫಿಕ್ಸೆಡ್ ಸುಲಭವಾಗಿ ಸಿಗಬಹುದು. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ತಲೆಬಾಗಿಲಲ್ಲಿ ಕಾಡೇ ಛಾವಣಿ. ಒದ್ದೆ ಎಲೆಗಳು ಸಂಕೇತವನ್ನು ಹೀರುತ್ತವೆ, ಕಾಂಡಗಳು ಚದುರಿಸುತ್ತವೆ. ಅಲ್ಲಿ ಕೈಯಲ್ಲಿ ಹಿಡಿಯುವ ಸಾಮಾನ್ಯ ಜಿಪಿಎಸ್ ಉಪಕರಣದ ದೋಷ ಬಯಲಿನಲ್ಲಿದ್ದಷ್ಟೇ ಇರುತ್ತದೆಂದು ತಿಳಿಯುವುದು ತಪ್ಪು. ಹತ್ತು ಗುಂಟೆಯ ಚೌಕದ ಜಮೀನಿನ ಒಂದು ಬದಿ 31.8 ಮೀಟರ್. ನಾಲ್ಕೂ ಗಡಿ ಐದೈದು ಮೀಟರ್ ಒಳಗೆ ಸರಿದರೆ ಆ ಜಮೀನು ಐದು ಗುಂಟೆಗಿಂತ ಕಡಿಮೆ. ಹೊರಗೆ ಸರಿದರೆ ಹದಿನೇಳು ಗುಂಟೆಗೂ ಮೇಲೆ. ಅಲ್ಪಕಾಲದಲ್ಲಿ ಅಳೆದ ಮೂಲೆಗಳ ತಪ್ಪು ಸಾಮಾನ್ಯವಾಗಿ ಒಂದೇ ಕಡೆಗೆ ವಾಲುವುದರಿಂದ ವಿಸ್ತೀರ್ಣ ಇಷ್ಟು ಕೆಡುವುದು ಅಪರೂಪ, ನಿಜ. ಆಗ ಇನ್ನೊಂದು ಬಗೆಯ ಕೇಡು: ವಿಸ್ತೀರ್ಣ ಸರಿ, ಜಾಗ ಪಕ್ಕದವರದ್ದು.

ಅರಣ್ಯಹಕ್ಕು ನಿಯಮಾವಳಿಗೆ 2012ರಲ್ಲಿ ಆದ ತಿದ್ದುಪಡಿ ಈ ಅಪಾಯವನ್ನು ಕಂಡುಕೊಂಡಿತ್ತು. ಉಪಗ್ರಹ ಚಿತ್ರ ಮತ್ತಿತರ ತಂತ್ರಜ್ಞಾನ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಬದಲಿಯಾಗಬಾರದು ಎಂಬುದು ಅದರ ಸಾರ. ಊರ ಹಿರಿಯರ ಹೇಳಿಕೆ, ಹಳೆಯ ಬಾವಿ, ಮನೆಯ ಅಡಿಪಾಯ, ಹಾಕಿದ ಮರಗಳ ವಯಸ್ಸು, ಇವೆಲ್ಲ ಸಾಕ್ಷ್ಯಗಳೇ. ಜಿಪಿಎಸ್ ಆಗಿಲ್ಲ ಅಥವಾ ಜಿಪಿಎಸ್ ಹೊಂದಿಕೆಯಾಗುತ್ತಿಲ್ಲ ಎಂಬ ಒಂದೇ ಮಾತಿನಿಂದ ಯಾವ ಅರ್ಜಿಯನ್ನೂ ಪಕ್ಕಕ್ಕಿಡುವುದು ಆ ನಿಯಮದ ಆಶಯಕ್ಕೆ ವಿರುದ್ಧ.

ಅಂಕಿ ಯಾವ ಭೂಮಿಯ ಮೇಲೆ ನಿಂತಿದೆ ಎಂಬ ಪ್ರಶ್ನೆಯೂ ಇದೆ. ಆ ಆಧಾರಕ್ಕೆ ಡೇಟಮ್ ಎನ್ನುತ್ತಾರೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಸಮೀಪ ಆಧಾರರೇಖೆ ಅಳೆದು ಆರಂಭಿಸಿದ ತ್ರಿಕೋನಮಿತಿ ಸರ್ವೆ ಮುಂದೆ ಜಾರ್ಜ್ ಎವರೆಸ್ಟ್ ಹೆಸರಿನ ದೀರ್ಘವೃತ್ತಾಭವನ್ನು ಆಧಾರವಾಗಿಟ್ಟುಕೊಂಡಿತು. ಸರ್ವೆ ಆಫ್ ಇಂಡಿಯಾದ ಹಳೆಯ ಭೂನಕ್ಷೆಗಳು ಅದರ ಮೇಲೆ ನಿಂತವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಒಂದೇ ಅಕ್ಷಾಂಶ, ರೇಖಾಂಶವನ್ನು ಈ ಎರಡರಲ್ಲೂ ಗುರುತಿಸಿದರೆ ಕರ್ನಾಟಕದಲ್ಲಿ ನೂರಕ್ಕೂ ಹೆಚ್ಚು ಮೀಟರ್ ಅಂತರ ಬರುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕ ನಕ್ಷೆಗಳು ಹೊಸ ಆಧಾರಕ್ಕೆ ಬಂದಿವೆ. ಆದರೂ ಕಚೇರಿಗಳ ಬೀರುವಿನಲ್ಲಿ ಹಳೆಯವು ಇವೆ. ಡೇಟಮ್ ಬರೆಯದ ಅಂಕಿಯನ್ನು ಹಳೆಯ ನಕ್ಷೆಯ ಮೇಲೆ ಕೂರಿಸಿದರೆ ಗದ್ದೆ ಹೊಳೆಯೊಳಗೆ ಬೀಳಬಹುದು.

ಎತ್ತರದ ವಿಷಯದಲ್ಲಂತೂ ಕರ್ನಾಟಕದ ಸ್ಥಿತಿ ಕುತೂಹಲಕರ. ರಿಸೀವರ್ ಮೂಲತಃ ಲೆಕ್ಕ ಹಾಕುವುದು ಗಣಿತದ ನುಣುಪು ಭೂಮಿಯಿಂದ ಎಷ್ಟು ಎತ್ತರ ಎಂದು. ನಿಜವಾದ ಸಮುದ್ರಮಟ್ಟ ಗುರುತ್ವವನ್ನು ಅನುಸರಿಸಿ ಉಬ್ಬುತಗ್ಗಾಗಿರುತ್ತದೆ. ಆ ತಗ್ಗುಗಳಲ್ಲಿ ಜಗತ್ತಿಗೇ ದೊಡ್ಡದು ಶ್ರೀಲಂಕಾದ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದ ತಗ್ಗು. ಅಲ್ಲಿ ಸಮುದ್ರಮಟ್ಟ 106 ಮೀಟರ್ ಕೆಳಗಿದೆ. ಭೂಗರ್ಭದ ಆಳದಲ್ಲಿ ಬಿಸಿಯಾದ ಹಗುರ ದ್ರವ್ಯ ಮೇಲೇರುತ್ತಿರುವುದು ಇದಕ್ಕೆ ಕಾರಣ ಎಂಬ ವಿವರಣೆಯನ್ನು 2023ರಲ್ಲಿ ಮುಂದಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. ಆ ತಗ್ಗಿನ ಇಳಿಜಾರು ಕರ್ನಾಟಕದವರೆಗೂ ಚಾಚಿದೆ. ಹಾಗಾಗಿ ಮಂಗಳೂರಿನ ಕಡಲ ತೀರದಲ್ಲಿ ನಿಂತರೆ ತಿದ್ದುಪಡಿಯಿಲ್ಲದ ರಿಸೀವರ್ ಎತ್ತರವನ್ನು ಸೊನ್ನೆಗಿಂತ 80 ಮೀಟರಿಗೂ ಕೆಳಗೆ ತೋರಿಸುತ್ತದೆ. ರಾಜಕಾಲುವೆಯ ಇಳಿಜಾರು, ಕೆರೆಯ ಕೋಡಿಯ ಮಟ್ಟ, ಪ್ರವಾಹದ ಗುರುತು ಅಳೆಯುವವರು ಯಾವ ಎತ್ತರವನ್ನು ಬರೆದಿದ್ದಾರೆ ಎಂಬುದನ್ನು ನಮೂದಿಸದಿದ್ದರೆ ಒಂದು ಇಲಾಖೆಯ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ಸ್ಥಾನ ಸರಿಯಿದ್ದು ನಕ್ಷೆ ತಪ್ಪಿದ್ದರೆ? 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ನ್ಯಾವಿಗೇಶನ್ ನಂಬಿ ಹೊರಟ ಕಾರು ಅರ್ಧಕ್ಕೆ ನಿಂತ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಕಾರು ಎಲ್ಲಿದೆ ಎಂಬುದನ್ನಷ್ಟೇ ಉಪಗ್ರಹಗಳು ಹೇಳಬಲ್ಲವು. ಮುಂದೆ ಸೇತುವೆ ಪೂರ್ತಿಯಾಗಿದೆಯೇ ಎಂಬುದು ನಕ್ಷೆ ಮಾಡುವವರು ಮತ್ತು ರಸ್ತೆ ಮುಚ್ಚಬೇಕಾದವರು ಹೇಳಬೇಕಾದ ಮಾತು. ದಿಶಾಂಕ್‌ನಂಥ ಆ್ಯಪಿನಲ್ಲೂ ಎರಡು ಪದರಗಳಿವೆ. ಮೇಲಿನದು ಮೊಬೈಲಿನ ಚುಕ್ಕಿ. ಕೆಳಗಿನದು ಹಳೆಯ ಗ್ರಾಮನಕ್ಷೆಯನ್ನು ಗಣಕಕ್ಕಿಳಿಸಿ ಭೂಪಟಕ್ಕೆ ಹೊಂದಿಸಿದ್ದು. ಎರಡರ ತಪ್ಪೂ ಕೂಡಿಕೊಳ್ಳುತ್ತದೆ. ಸರ್ವೆ ನಂಬರಿನ ನಟ್ಟನಡುವೆ ನಿಂತಾಗ ಆ್ಯಪನ್ನು ನಂಬಬಹುದು. ಗಡಿಯಂಚಿನಲ್ಲಿ ನಿಂತು ಅದನ್ನೇ ನಂಬಿ ಮುಂಗಡ ಕೊಡುವುದು ಅಪಾಯ. ಆ್ಯಪ್ ಇಷ್ಟು ಜನರಿಗೆ ಉಪಕಾರ ಮಾಡಿರುವಾಗ, ಗಡಿಯ ಹತ್ತಿರ ಬಂದಾಗ ‘ಇಲ್ಲಿ ಖಚಿತವಿಲ್ಲ’ ಎಂದು ಬಣ್ಣ ಬದಲಿಸಿ ತೋರಿಸುವಂತೆ ಮಾಡುವುದು ಕಷ್ಟದ ಕೆಲಸವಲ್ಲ.

ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದೆಯಲ್ಲ ಎಂಬ ಸಮಾಧಾನ ಕೆಲವರಿಗಿದೆ. ಅದರ ಬಗ್ಗೆ ಹೆಮ್ಮೆ ಪಡುವುದು ನ್ಯಾಯವೇ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 2013ರ ಮೇ 28ರಂದು ಇದರ ಸಂಚಾಲನಾ ಕೇಂದ್ರ ಆರಂಭವಾಯಿತು. ಆ ವರ್ಷದ ಜುಲೈ 1ರಂದು ಮೊದಲ ಉಪಗ್ರಹ ಹಾರಿತು. ನಾಗರಿಕ ನಿಖರತೆಯನ್ನು ಮತ್ತೊಂದು ದೇಶ ಒಂದು ಗುಂಡಿ ಒತ್ತಿ ಕಿತ್ತುಕೊಳ್ಳಬಹುದು ಎಂಬುದು ಕಲ್ಪನೆಯಲ್ಲ. 2000ದ ಮೇ ತಿಂಗಳವರೆಗೆ ಅಮೆರಿಕ ನಾಗರಿಕ ಸಂಕೇತಕ್ಕೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು, ಆಗ ದೋಷ ನೂರು ಮೀಟರಿನವರೆಗೂ ಇತ್ತು. ಆದರೆ ನಾವಿಕ್‌ನ ಪರಮಾಣು ಗಡಿಯಾರಗಳು ಒಂದರ ಹಿಂದೆ ಒಂದು ಕೆಟ್ಟವು. ಬದಲಿಗೆ 2017ರಲ್ಲಿ ಕಳಿಸಿದ ಉಪಗ್ರಹದ ಉಷ್ಣಕವಚ ಬಿಚ್ಚಿಕೊಳ್ಳಲಿಲ್ಲ. ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಹೊತ್ತ ಎನ್‌ವಿಎಸ್-01 2023ರ ಮೇ 29ರಂದು ಯಶಸ್ವಿಯಾಗಿ ಹಾರಿತು. 2025ರ ಜನವರಿಯ ಎನ್‌ವಿಎಸ್-02 ತನ್ನ ಕಕ್ಷೆಯನ್ನು ಏರಲಾಗದೆ ಉಳಿಯಿತು. ಸ್ಥಾನ ನಿರ್ಣಯದ ಸೇವೆ ಕೊಡುತ್ತಿರುವುದು ನಾಲ್ಕೇ ಉಪಗ್ರಹ ಎಂದು ಸರ್ಕಾರವೇ 2025ರಲ್ಲಿ ಸಂಸತ್ತಿಗೆ ತಿಳಿಸಿತು. ಸ್ಥಾನ ಕಂಡುಹಿಡಿಯಲು ಕನಿಷ್ಠ ನಾಲ್ಕು ಬೇಕು. ಅಂದರೆ ಕೈಯಲ್ಲಿ ಒಂದೂ ಹೆಚ್ಚಿಗೆ ಉಳಿದಿರಲಿಲ್ಲ. ಇಸ್ರೊಗೆ ಬೇಕಾದ ಹಣ, ಜನ, ಉಡಾವಣೆಯ ಸರದಿಯನ್ನು ಕೊಡುವುದು ಇಂದಿನ ತುರ್ತು. ಅದರ ಜೊತೆಗೆ, ಮೊಬೈಲಿನಲ್ಲಿ ನಾವಿಕ್ ಇದೆ ಎಂದ ಮಾತ್ರಕ್ಕೆ ಸರ್ಕಾರಿ ಆ್ಯಪುಗಳ ಅಳತೆಯ ದೋಷ ಮಾಯವಾಗಿದೆ ಎಂದು ಯಾರೂ ಹೇಳಬಾರದು.

ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. 11ಇ ನಕ್ಷೆಯಿರಲಿ, ಹದ್ದುಬಸ್ತಿನ ನಕ್ಷೆಯಿರಲಿ, ಅರಣ್ಯಹಕ್ಕಿನ ಜಿಪಿಎಸ್ ನಕ್ಷೆಯಿರಲಿ, ಪ್ರತಿ ಮೂಲೆಯ ಅಂಕಿಯ ಎದುರಿಗೆ ಸಿಂಗಲ್, ಫ್ಲೋಟ್, ಫಿಕ್ಸೆಡ್ ಇವುಗಳಲ್ಲಿ ಯಾವುದೆಂದು ಬರೆಯಬೇಕು. ಪಿಡಿಒಪಿ, ಅಳೆದ ಗಂಟೆ, ಡೇಟಮ್, ತಿದ್ದುಪಡಿ ಕೊಟ್ಟ ಕಾರ್ಸ್ ಕೇಂದ್ರ, ಶೇ 95ರ ಭರವಸೆಯ ದೋಷ, ಇಷ್ಟನ್ನೂ ಸೇರಿಸಬೇಕು. ರೋವರಿನ ಕಡತದಲ್ಲಿ ಇವೆಲ್ಲ ತಾವಾಗಿಯೇ ದಾಖಲಾಗುತ್ತವೆ. ನಕ್ಷೆ ಮುದ್ರಿಸುವ ತಂತ್ರಾಂಶಕ್ಕೆ ಒಂದು ಕಲಂ ಸೇರಿಸಿದರೆ ಆಯಿತು. ಬೆಳೆ ಸಮೀಕ್ಷೆ, ಹಾಜರಿ ಆ್ಯಪುಗಳು ‘ನೀವು ಗಡಿಯ ಹೊರಗಿದ್ದೀರಿ’ ಎನ್ನುವ ಮುಂಚೆ ಮೊಬೈಲಿನ ದೋಷದ ವೃತ್ತ ಗಡಿಯನ್ನು ಮುಟ್ಟುತ್ತಿದೆಯೇ ಎಂದು ನೋಡಬೇಕು, ಮುಟ್ಟುತ್ತಿದ್ದರೆ ತಿರಸ್ಕರಿಸದೆ ಗ್ರಾಮ ಆಡಳಿತಾಧಿಕಾರಿಗಳ ಪರಿಶೀಲನೆಗೆ ಬಿಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಪಕರಣದ ಮೂಲ ದಾಖಲೆ. ಉಪಗ್ರಹಗಳಿಂದ ಬಂದ ಕಚ್ಚಾ ಅಳತೆಯನ್ನು ರೈನೆಕ್ಸ್ ಎಂಬ ಸಾಮಾನ್ಯ ರೂಪದಲ್ಲಿ ಉಳಿಸಿಟ್ಟರೆ, ಯಾವ ಕಂಪನಿಯ ತಂತ್ರಾಂಶದಲ್ಲಾದರೂ ಅದನ್ನು ಮತ್ತೆ ಲೆಕ್ಕ ಹಾಕಿ ನೋಡಬಹುದು. ತಕರಾರಿರುವ ಜಮೀನಿನವರು ಕೇಳಿದರೆ ಟಿಪ್ಪಣಿ, ಆಕಾರ್‌ಬಂದ್‌ಗಳ ದೃಢೀಕೃತ ನಕಲು ಸಿಗುವ ಹಾಗೆ ಈ ಕಡತವೂ ತಾಲ್ಲೂಕು ಸರ್ವೆ ಕಚೇರಿಯಲ್ಲಿ ಸಿಗಬೇಕು. ಆಗ ಬೇರೊಬ್ಬ ಪರವಾನಗಿ ಭೂಮಾಪಕರಿಂದ ಮರುಲೆಕ್ಕ ಮಾಡಿಸಿ, ಮೇಲ್ಮನವಿಯಲ್ಲಿ ಅಂಕಿಗೆ ಅಂಕಿ ಎದುರಿಟ್ಟು ವಾದಿಸಲು ರೈತರಿಗೆ ಸಾಧ್ಯ. ಮರುಸರ್ವೆ ಹಳ್ಳಿಯಿಂದ ಹಳ್ಳಿಗೆ ಸಾಗುತ್ತಿರುವ ಈ ಹೊತ್ತಿನಲ್ಲೇ ಭೂಮಾಪನ ಇಲಾಖೆ ಇದಕ್ಕೊಂದು ಸುತ್ತೋಲೆ ಹೊರಡಿಸಬೇಕು. ಸಾವಿರಾರು ನಕ್ಷೆ ಮುದ್ರಣವಾಗಿ, ಅಳೆದ ಉಪಕರಣಗಳ ನೆನಪು ಅಳಿಸಿಹೋದ ಮೇಲೆ ಹೊರಡಿಸಿದರೆ ಹಿಂದಿನ ಅಳತೆಗಳ ದೋಷವನ್ನು ಪತ್ತೆ ಮಾಡಲು ಯಾವ ದಾರಿಯೂ ಇರುವುದಿಲ್ಲ.